ಚಿಕ್ಕ ಮೈಕ್ ಸೆಟ್‌ಗೆ ಯಾವ ಕ್ರಾಸ್‌ಓವರ್ ತಗೊಳ್ಳಬೇಕು?

ಪ್ರಶ್ನೆ: ನನ್ನ ಹತ್ತಿರ 15 ಇಂಚಿನ ಎರಡು ಟಾಪ್, 18 ಇಂಚಿನ ಎರಡು ಬೇಸ್ ಬಾಕ್ಸ್ ಇವೆ, ಎಲ್ಲವೂ 8 ಓಮ್. ಸ್ಟೀರಿಯೊ ಆಂಪ್ಲಿಫೈಯರ್ ಒಂದೇ. ನಾಮಕರಣ, ಗಣಪತಿ ಪೆಂಡಾಲ್, ಊರ ನಾಟಕ, ಇಂಥ ಕೆಲಸಗಳು ಬರುತ್ತವೆ. ಅಂಗಡಿಯವರು ತ್ರೀ ವೇ ಕ್ರಾಸ್‌ಓವರ್ ತಗೊಳ್ಳಿ ಅನ್ನುತ್ತಾರೆ. ಕಡಿಮೆ ದುಡ್ಡಿನಲ್ಲಿ ಯಾವುದು ಒಳ್ಳೆಯದು?

ತ್ರೀ ವೇ ಬೇಡ, ಟೂ ವೇ ಸಾಕು. ಕ್ರಾಸ್‌ಓವರ್ ಅಂದರೆ ಸೌಂಡನ್ನು ದಪ್ಪ ಸ್ವರ, ತೆಳು ಸ್ವರ ಅಂತ ಹಂಚುವ ಪೆಟ್ಟಿಗೆ; ಎರಡು ಪಾಲು ಮಾಡಿದರೆ ಟೂ ವೇ, ಮೂರು ಮಾಡಿದರೆ ತ್ರೀ ವೇ. ನಿಮ್ಮ ಟಾಪ್ ಬಾಕ್ಸ್‌ಗೆ ಒಂದೇ ವೈರ್ ಹೋಗುತ್ತದೆ ಅಲ್ವಾ? ಹಾಗಿದ್ದರೆ ಅದರೊಳಗೆ ಕಾಯಿಲ್, ಕೆಪ್ಯಾಸಿಟರ್ ಕೂರಿಸಿದ ಚಿಕ್ಕ ಬೋರ್ಡ್ ಇದೆ. 15 ಇಂಚಿನ ಸ್ಪೀಕರ್‌ಗೂ ತೆಳು ಸ್ವರದ ಹಾರ್ನ್‌ಗೂ ಸೌಂಡ್ ಹಂಚುವ ಕೆಲಸ ಅಲ್ಲೇ ಆಗುತ್ತಿದೆ. ಉಳಿದಿರುವುದು ಟಾಪ್‌ಗೂ ಬೇಸ್‌ಗೂ ನಡುವಿನ ಒಂದೇ ಒಂದು ಕಟ್, ಅಂದರೆ ಸೌಂಡ್ ಬೇರೆಯಾಗುವ ಜಾಗ.

ಮಾಡೆಲ್ ನೋಡುವ ಮೊದಲು ಆಂಪ್ಲಿಫೈಯರ್ ಚಾನೆಲ್ ಎಣಿಸಿ. ಕರೆಂಟಿನಲ್ಲಿ ಓಡುವ ಆಕ್ಟಿವ್ ಕ್ರಾಸ್‌ಓವರ್ ಮಿಕ್ಸರ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಕೂರುತ್ತದೆ, ಅದು ಹಂಚಿದ ಪ್ರತಿ ಪಾಲಿಗೂ ಬೇರೆ ಚಾನೆಲ್ ಬೇಕು. ನಿಮ್ಮಲ್ಲಿ ಇರುವುದು ಎರಡೇ ಚಾನೆಲ್. ಹಾಗಾಗಿ ಮೊನೊದಲ್ಲಿ ಓಡಿಸಿ: ಮಿಕ್ಸರ್‌ನ ಮೊನೊ ಔಟ್ ಕ್ರಾಸ್‌ಓವರ್‌ನ ಮೊದಲ ಚಾನೆಲ್‌ಗೆ, ಅಲ್ಲಿಂದ ಲೋ ಔಟ್ ಆಂಪ್ಲಿಫೈಯರ್‌ನ ಒಂದು ಬದಿಗೆ, ಹೈ ಔಟ್ ಇನ್ನೊಂದು ಬದಿಗೆ. ಎರಡು ಬೇಸ್ ಒಂದು ಬದಿಯಲ್ಲಿ ಪ್ಯಾರಲಲ್, ಎರಡು ಟಾಪ್ ಇನ್ನೊಂದರಲ್ಲಿ ಪ್ಯಾರಲಲ್. 8 ಓಮ್‌ನ ಎರಡು ಸೇರಿದರೆ 4 ಓಮ್ ಆಗುತ್ತದೆ, ಆದ್ದರಿಂದ ಆಂಪ್ಲಿಫೈಯರ್ 4 ಓಮ್ ತಡೆಯುತ್ತದೆಯೇ ಅಂತ ಹಿಂದೆ ಬರೆದಿರುವುದನ್ನು ಓದಿ. ಅದರ ಮೋಡ್ ಸ್ವಿಚ್ ಸ್ಟೀರಿಯೊದಲ್ಲೇ ಇರಲಿ, ಎರಡೂ ಚಾನೆಲ್ ಸೇರಿಸಿ ಒಂದು ಮಾಡುವ ಬ್ರಿಡ್ಜ್‌ನಲ್ಲಿ ಬೇಡ. ಸ್ಟೀರಿಯೊ ಸೌಂಡ್ ಹೋಯಿತಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಪೆಂಡಾಲ್‌ನ ಎಡಗಡೆ ಕೂತವರಿಗೆ ಬಲಗಡೆ ಬಾಕ್ಸ್‌ನಲ್ಲಿ ಮಾತ್ರ ಬರುವ ಕೊಳಲು ಹೇಗೂ ಸರಿಯಾಗಿ ಕೇಳುವುದಿಲ್ಲ.

ಇಷ್ಟೆಲ್ಲ ಯಾಕೆ, ಕರೆಂಟ್ ಬೇಡದ, ಆಂಪ್ಲಿಫೈಯರ್ ಆದ ಮೇಲೆ ಕೂರುವ ಒಂದು ಪ್ಯಾಸಿವ್ ಕ್ರಾಸ್‌ಓವರ್ ಹಾಕಿಬಿಟ್ಟರೆ ಆಗುವುದಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಹಾರ್ನ್‌ಗೆ ಅದು ಸರಿ, ಬೇಸ್‌ಗೆ ಕಷ್ಟ. 8 ಓಮ್ ಸ್ಪೀಕರ್ ಅನ್ನು 100 ಹರ್ಟ್ಜ್‌ನಲ್ಲಿ ಕಟ್ ಮಾಡಲು ಸುಮಾರು 12.7 ಮಿಲಿಹೆನ್ರಿ ಕಾಯಿಲ್, 200 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೇಕು. ಅಷ್ಟು ತಾಮ್ರ ಸುತ್ತಿದ ಕಾಯಿಲ್ ಭಾರ, ದುಬಾರಿ, ಮೇಲಾಗಿ ಪವರ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಇಷ್ಟು ಮಾಡಿದರೂ ಸಿಗುವುದು 6 ಡಿಬಿ ಸ್ಲೋಪ್ ಮಾತ್ರ; ಸ್ಲೋಪ್ ಅಂದರೆ ಕಟ್ ದಾಟಿದ ಮೇಲೆ ಸೌಂಡ್ ಎಷ್ಟು ಬೇಗ ಇಳಿಯುತ್ತದೆ ಅನ್ನುವ ಲೆಕ್ಕ. ಅಂದರೆ 50 ಹರ್ಟ್ಜ್‌ನ ಪವರ್‌ನಲ್ಲಿ ಐದನೇ ಒಂದು ಪಾಲು ಆಗಲೂ ಟಾಪ್‌ಗೆ ಹೋಗುತ್ತದೆ. ಅದೇ ಆಕ್ಟಿವ್ ಕ್ರಾಸ್‌ಓವರ್‌ನಲ್ಲಿ ಸಿಗುವ 24 ಡಿಬಿ ಲಿಂಕ್‌ವಿಟ್ಜ್-ರೈಲಿ ಅನ್ನುವ ಸ್ಲೋಪ್‌ನಲ್ಲಿ ಹೋಗುವುದು ಸುಮಾರು 300ರಲ್ಲಿ ಒಂದು ಪಾಲು. 15 ಇಂಚಿನ ಕೋನ್ ಸುಮ್ನೆ ಒದ್ದಾಡುವುದು ನಿಲ್ಲುತ್ತದೆ, ಮಾತು ಸ್ವಚ್ಛವಾಗುತ್ತದೆ. ದುಡ್ಡು ಕೊಡಬೇಕಾದ್ದು ಇದಕ್ಕೆ, ಪೆಟ್ಟಿಗೆಯ ಮುಂಭಾಗದ ಲೈಟುಗಳಿಗೆ ಅಲ್ಲ.

ಇದನ್ನು ಮಾಡುವ ಸರಳ ಪೆಟ್ಟಿಗೆಗಳಲ್ಲಿ ಹೆಚ್ಚು ಜನ ಬಳಸುವುದು ಬೇರಿಂಜರ್ ಸಿಎಕ್ಸ್ 2310 ಮತ್ತು ಡಿಬಿಎಕ್ಸ್ 223. ಎರಡೂ ಸ್ಟೀರಿಯೊದಲ್ಲಿ ಟೂ ವೇ, ಮೊನೊದಲ್ಲಿ ತ್ರೀ ವೇ. ಮುಂದೊಂದು ದಿನ ತ್ರೀ ವೇ ಬೇಕಾದರೂ ಅದು ಇದರಲ್ಲೇ ಸಿಗುತ್ತದೆ, ಆದರೆ ಅಂಗಡಿಯವರು ಇದನ್ನು ಹೇಳುವುದಿಲ್ಲ. ಡಿಬಿಎಕ್ಸ್‌ನಲ್ಲಿ 223ಎಸ್ ಅಂದರೆ ಕಾಲಿಂಚು ಜ್ಯಾಕ್, 223ಎಕ್ಸ್‌ಎಸ್ ಅಂದರೆ ಎಕ್ಸ್‌ಎಲ್‌ಆರ್. ನಿಮ್ಮ ಕೇಬಲ್ ಯಾವುದೋ ಅದನ್ನು ತಗೊಳ್ಳಿ. ನನ್ನ ಆಯ್ಕೆ ಕೇಳಿದರೆ, ಬಜೆಟ್ ಬಿಗಿ ಇದ್ದಾಗ ಬೇರಿಂಜರ್ ಸಾಕು. ಎರಡರ ಬೆಲೆಗೂ ವ್ಯತ್ಯಾಸ ಕಡಿಮೆ ಇದ್ದರೆ ಡಿಬಿಎಕ್ಸ್. ಅದರಲ್ಲಿ 40 ಹರ್ಟ್ಜ್‌ಗಿಂತ ಕೆಳಗಿನ ಸೌಂಡ್ ತೆಗೆಯುವ ಲೋ ಕಟ್ ಬಟನ್ ಇದೆ, ಅದನ್ನು ಒತ್ತಿಯೇ ಇಡಿ. ಇದೇ ಕೆಲಸ ಮಾಡುವ, ಹೆಸರಾಂತ ಕಂಪನಿಯ ಡಿಜಿಟಲ್ ಪ್ರೊಸೆಸರ್ ನಂಬಲಾಗದಷ್ಟು ಅಗ್ಗಕ್ಕೆ ಬಂತು ಅಂದರೆ ಅದು ನಕಲಿ ಅಂತಲೇ ತಿಳಿಯಿರಿ. ಅಸಲಿ ಪ್ರೊಸೆಸರ್‌ನಲ್ಲಿ ಸೌಂಡ್ ಮಿತಿ ಮೀರದಂತೆ ತಡೆಯುವ ಲಿಮಿಟರ್, ಸೌಂಡನ್ನು ತುಸು ತಡ ಮಾಡಿಸುವ ಡಿಲೇ ಎಲ್ಲ ಇರುತ್ತವೆ, ಒಳ್ಳೆಯದೇ, ಆದರೆ ಎರಡು ಚಾನೆಲ್‌ನ ಸೆಟ್‌ಗೆ ಅದಕ್ಕಿಂತ ಮೊದಲು ಇನ್ನೊಂದು ಆಂಪ್ಲಿಫೈಯರ್ ತಗೊಳ್ಳುವುದು ಜಾಣತನ.

ಸೆಟ್ ಮಾಡುವಾಗ ಒಂದು ಸ್ವಿಚ್ ಬಗ್ಗೆ ಎಚ್ಚರ: ಇಂಟು ಹತ್ತು. ಅದು ಒತ್ತಿದ್ದರೆ ನಾಬ್‌ನಲ್ಲಿ 100 ಅಂತ ಕಂಡರೂ ಕಟ್ ಆಗುವುದು 1000 ಹರ್ಟ್ಜ್‌ನಲ್ಲಿ. ಬೇಸ್ ಬಾಕ್ಸ್‌ನಿಂದ ಮಾತು ಗೊಣಗಿದಂತೆ ಬರುತ್ತದೆ, ಟಾಪ್‌ನಿಂದ ಬರೀ ಕಿರಿಕಿರಿ. ಪೆಟ್ಟಿಗೆ ಕೆಟ್ಟಿದೆ ಅಂತ ವಾಪಸ್ ತರುವವರಲ್ಲಿ ಕೆಲವರ ಸಮಸ್ಯೆ ಇಷ್ಟೇ. ಕಟ್ 90ರಿಂದ 120 ಹರ್ಟ್ಜ್ ನಡುವೆ ಇರಲಿ. ಬೇಸ್ ಜೋರಾಗಲಿ ಅಂತ 200ಕ್ಕೆ ಏರಿಸಿದರೆ ಗಂಡಸರ ದನಿಯ ತಳಭಾಗ 18 ಇಂಚಿಗೆ ಹೋಗಿ, ನಾಟಕದ ಭೀಮ ಹಂಡೆಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಆಮೇಲೆ ಡೋಲು ಚೆನ್ನಾಗಿರುವ ಹಾಡು ಹಾಕಿ, ಲೋ ಬದಿಯ ಫೇಸ್ ಬಟನ್ (ಪ್ಲಸ್ ಮೈನಸ್ ಅದಲು ಬದಲು ಮಾಡುವಂಥದ್ದು) ಒಮ್ಮೆ ಒತ್ತಿ, ಒಮ್ಮೆ ಬಿಡಿ. ಯಾವಾಗ ಪೆಟ್ಟು ಗಟ್ಟಿ ಅನ್ನಿಸುತ್ತದೋ ಹಾಗೇ ಬಿಡಿ. ಕ್ರಾಸ್‌ಓವರ್ ಆನ್ ಮಾಡಿದ ಮೇಲೆಯೇ ಆಂಪ್ಲಿಫೈಯರ್ ಆನ್ ಮಾಡಿ, ನಿಲ್ಲಿಸುವಾಗ ಆಂಪ್ಲಿಫೈಯರ್ ಮೊದಲು.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಧಾರಾಳವಾಗಿ ತಗೊಳ್ಳಿ, ಆದರೆ ಹಾಡು ಓಡುತ್ತಿರುವಾಗಲೇ ಪ್ರತಿ ನಾಬ್ ತಿರುಗಿಸಿ ಕೇಳಿ. ಸ್ವಲ್ಪ ಕರಕರ ಅಂದರೆ ಕಾಂಟ್ಯಾಕ್ಟ್ ಸ್ಪ್ರೇಯಲ್ಲಿ ಹೋಗಬಹುದು, ಸೌಂಡ್ ಪೂರ್ತಿ ಬಿಟ್ಟು ಬಿಟ್ಟು ಬಂದರೆ ಬೇಡ. ಇನ್ನು ಆಂಪ್ಲಿಫೈಯರ್ ಒಳಗೇ ಇರುವ ಪವರ್ಡ್ ಬೇಸ್ ತಗೊಳ್ಳುವ ಯೋಚನೆ ಇದ್ದರೆ ಕ್ರಾಸ್‌ಓವರ್ ಈಗಲೇ ಕೊಳ್ಳಬೇಡಿ. ಅಂಥ ಬಾಕ್ಸ್‌ಗಳಲ್ಲಿ ಬಹಳಷ್ಟಕ್ಕೆ ಹಿಂದೆ ಬೇಸ್ ತೆಗೆದ ಸೌಂಡ್ ಕೊಡುವ ಹೈ ಪಾಸ್ ಔಟ್ ಇರುತ್ತದೆ, ಅಲ್ಲಿಂದ ನೇರವಾಗಿ ಟಾಪ್‌ನ ಆಂಪ್ಲಿಫೈಯರ್‌ಗೆ ಕೇಬಲ್ ಎಳೆದರೆ ಆಯಿತು.