ಹೆಪ್ಪು ಕಾಯುವ ಔಷಧಿ ತಾನೇ ಕಾದ ಕಥೆ

ಆಪರೇಷನ್ ಅಂದ ಕೂಡಲೇ ಮನೆಯವರು ಕೇಳುವುದು, "ಎಷ್ಟು ಬಾಟಲ್ ರಕ್ತ ಬೇಕಂತೆ?" ಹೋದ ರಕ್ತ ತುಂಬಿಸುವುದು ನಮಗೆಲ್ಲ ಗೊತ್ತು. ಅದು ಜಾಸ್ತಿ ಹೋಗದಂತೆ ತಡೆಯುವ ಔಷಧಿಯೊಂದು 1962ರಿಂದಲೇ ಇದೆ. ಹೆಸರು ಟ್ರಾನೆಕ್ಸಾಮಿಕ್ ಆಸಿಡ್. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವವರಿಗೆ ಡಾಕ್ಟರು ಬರೆದುಕೊಡುವ ಮಾತ್ರೆಯೂ ಇದೇ.

ಕಂಡುಹಿಡಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ. ಎರಡನೇ ಮಹಾಯುದ್ಧ ಮುಗಿದು ದೇಶ ಬರಿಗೈಯಾಗಿದ್ದ ಕಾಲ. ರಕ್ತದ ಮೇಲೇ ಯಾಕೆ ಸಂಶೋಧನೆ? ಸಾಲದೆ ಬಂದರೆ ತಮ್ಮದನ್ನೇ ತೆಗೆದುಕೊಳ್ಳಬಹುದಲ್ವಾ! ಮಗು ನೋಡಿಕೊಳ್ಳಲು ಯಾರೂ ಇರಲಿಲ್ಲ. ಉತಾಕೊ ಮಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಲ್ಯಾಬಿನಲ್ಲಿ ದುಡಿದರು.

ಗಾಯವಾದಾಗ ಫೈಬ್ರಿನ್ ಎಂಬ ಎಳೆಗಳು ಬಲೆ ಹೆಣೆದು ರಕ್ತ ಹೆಪ್ಪುಗಟ್ಟುತ್ತದೆ. ಆ ಬಲೆಯನ್ನು ಕತ್ತರಿಸಲು ಪ್ಲಾಸ್ಮಿನ್ ಎಂಬುದೂ ದೇಹದಲ್ಲೇ ಇದೆ. ಅದು ಎಳೆಗೆ ಸಿಕ್ಕಿಸಿಕೊಳ್ಳುವ ಕೊಕ್ಕೆಯ ಜಾಗದಲ್ಲಿ ಈ ಔಷಧಿ ಹೋಗಿ ಕೂತುಬಿಡುತ್ತದೆ. ಹೊಸ ಹೆಪ್ಪು ಕಟ್ಟಿಸುವುದಲ್ಲ, ಕಟ್ಟಿದ್ದನ್ನು ಉಳಿಸುವುದು ಇದರ ಕೆಲಸ.

ಆದರೆ ಆಪರೇಷನ್ ಥಿಯೇಟರಿನಲ್ಲಿ ಇದಕ್ಕೆ ಜಾಗ ಸಿಕ್ಕಿದ್ದು ನಿಧಾನವಾಗಿ. ಹೃದಯದ ಆಪರೇಷನ್‌ಗಳಲ್ಲಿ ಇದೇ ಕೆಲಸಕ್ಕೆ ಅಪ್ರೊಟಿನಿನ್ ಎಂಬ ದುಬಾರಿ ಔಷಧಿ ಮೆರೆಯುತ್ತಿತ್ತು. 2008ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಅದನ್ನು ಪಡೆದವರಲ್ಲೇ ಸಾವು ಜಾಸ್ತಿ ಎಂದು ಕಂಡಿತು. 2010ರಲ್ಲಿ ಕ್ರ್ಯಾಶ್-2 ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು: 40 ದೇಶಗಳು, ಗಾಯಗೊಂಡ 20,211 ಜನ. ಟ್ರಾನೆಕ್ಸಾಮಿಕ್ ಪಡೆದವರಲ್ಲಿ ಸಾವು ಶೇ. 14.5, ಪಡೆಯದವರಲ್ಲಿ ಶೇ. 16. ಗಾಯವಾಗಿ 3 ಗಂಟೆ ದಾಟಿದ ಮೇಲೆ ಕೊಟ್ಟರೆ ಮಾತ್ರ ಲಾಭವಿಲ್ಲ, ಕೆಡುಕೇ ಆಗಬಹುದು.

ಹೃದಯದ್ದಲ್ಲದ ಆಪರೇಷನ್‌ಗಳ ಲೆಕ್ಕ ಸಿಕ್ಕಿದ್ದು 2022ರ ಪಾಯ್ಸ್-3 ಎಂಬ ಪರೀಕ್ಷೆಯಲ್ಲಿ. 9,535 ರೋಗಿಗಳು. ಕತ್ತರಿ ಹಾಕುವಾಗ 1 ಗ್ರಾಂ, ಮುಗಿಸುವಾಗ ಇನ್ನೊಂದು. ಅಪಾಯದ ಮಟ್ಟದ ರಕ್ತಸ್ರಾವ ಶೇ. 11.7ರಿಂದ 9.1ಕ್ಕೆ ಇಳಿಯಿತು. ಹೃದಯದ ಸ್ನಾಯುವಿಗೆ ಹಾನಿ, ಪಾರ್ಶ್ವವಾಯು, ರಕ್ತನಾಳದ ಹೆಪ್ಪಿನಂಥ ತೊಂದರೆಗಳು ಔಷಧಿ ಪಡೆದವರಲ್ಲಿ ಶೇ. 14.2, ಪಡೆಯದವರಲ್ಲಿ 13.9, ಅಂದರೆ ಹೆಚ್ಚುಕಮ್ಮಿ ಸಮ. ಆದರೂ ಇಂಥ ತೊಂದರೆಗಳ ಭಯ ಪೂರ್ತಿ ಹೋಗಿಲ್ಲ. ಹಾಗಾಗಿ ಯಾರಿಗೆ ಕೊಡಬೇಕು ಅನ್ನುವುದನ್ನು ಅರಿವಳಿಕೆ ಡಾಕ್ಟರು ಈಗಲೂ ತೂಗಿಯೇ ನೋಡುತ್ತಾರೆ.

ಉತಾಕೊ ಅವರಿಗೆ ಮೊದಲಿಂದಲೂ ಇದ್ದ ಆಸೆಯೇ ಬೇರೆ. ಹೆರಿಗೆಯಾದ ಮೇಲೆ ರಕ್ತ ಹೋಗಿ ಸಾಯುವ ಬಾಣಂತಿಯರಿಗೆ ಇದನ್ನು ಕೊಟ್ಟು ನೋಡಬೇಕು. ಜಪಾನಿನಲ್ಲಿ ಅವರ ಊರಿನ ಪ್ರಸೂತಿ ಡಾಕ್ಟರುಗಳು ಒಪ್ಪಲಿಲ್ಲ. ಕೊನೆಗೆ 20,060 ಬಾಣಂತಿಯರ ಮೇಲೆ ಪರೀಕ್ಷೆ ನಡೆದು, ರಕ್ತಸ್ರಾವದ ಸಾವು ಕಮ್ಮಿಯಾಗುತ್ತದೆ ಎಂಬ ಉತ್ತರ 2017ರಲ್ಲಿ ಬಂತು. ಅದರ ಹಿಂದಿನ ವರ್ಷವಷ್ಟೇ ಉತಾಕೊ ತೀರಿಕೊಂಡಿದ್ದರು. ವಯಸ್ಸು 98.