ಆಕ್ಸೆಸ್ ನೆಟ್‌ವರ್ಕ್ ಮತ್ತು 'ಜಿಬಿಗೆ ಇಷ್ಟು ಕರೆಂಟು' ಎಂಬ ಲೆಕ್ಕ

'ಒಂದು ಜಿಬಿ ನೋಡಿದರೆ ಆಕ್ಸೆಸ್ ನೆಟ್‌ವರ್ಕಿನಲ್ಲಿ ಇಷ್ಟು ಯೂನಿಟ್ ಸುಡುತ್ತದೆ, ವಿಡಿಯೋ ಕಡಿಮೆ ನೋಡಿ' ಎಂಬ ಸಂದೇಶ ಮತ್ತೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬಂತು. ಕೆಳಗೆ ಯಾವುದೋ ಡೇಟಾ ಸೆಂಟರಿನ ಫೋಟೋ!

ಡೇಟಾ ಸೆಂಟರ್ ಆಕ್ಸೆಸ್ ನೆಟ್‌ವರ್ಕಿನಲ್ಲಿ ಬರುವುದೇ ಇಲ್ಲ. ಸಮುದ್ರದಡಿಯ ಕೇಬಲ್ಲೂ ಇಲ್ಲ. ಎಕ್ಸ್‌ಚೇಂಜಿನಿಂದ ನಿಮ್ಮ ಮನೆಗೆ ಬರುವ ಲೈನು, ಟವರಿನಿಂದ ಫೋನಿಗೆ ಬರುವ ಸಿಗ್ನಲ್ಲು, ಈ ಕೊನೆಯ ತುಂಡಷ್ಟೇ ಆಕ್ಸೆಸ್ ನೆಟ್‌ವರ್ಕ್. ಮನೆಯ ರೌಟರನ್ನು ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಅಂಕಿಗಳು ಒಂದಕ್ಕೊಂದು ತಾಳೆಯಾಗದಿರಲು ಇದೂ ಒಂದು ಕಾರಣ.

ಸದ್ಯ ರೌಟರನ್ನು ಸೇರಿಸಿಯೇ ನೋಡೋಣ. ಅದು 10 ವ್ಯಾಟಿನದು ಎಂದಿಟ್ಟುಕೊಳ್ಳಿ. ದಿನವಿಡೀ ಆನ್ ಇದ್ದರೆ ತಿಂಗಳಿಗೆ 7.2 ಯೂನಿಟ್. ನೀವು 500 ಜಿಬಿ ಬಳಸಿದರೂ ಅಷ್ಟೇ, 5 ಜಿಬಿ ಬಳಸಿದರೂ ಹೆಚ್ಚುಕಮ್ಮಿ ಅಷ್ಟೇ. ಈಗ ಭಾಗಿಸಿ. 500 ಜಿಬಿಯವರಿಗೆ ಜಿಬಿಗೆ 0.0144 ಯೂನಿಟ್. 5 ಜಿಬಿಯವರಿಗೆ 1.44. ಕಡಿಮೆ ನೋಡಿದವರೇ ನೂರು ಪಟ್ಟು ದುಂದು ಮಾಡಿದ ಹಾಗಾಯಿತಲ್ವಾ? ಮೆಸ್ಕಾಂ ಬಿಲ್ಲು ಮಾತ್ರ ಇಬ್ಬರಿಗೂ ಒಂದೇ.

ನೆಟ್‌ವರ್ಕಿನದೂ ಬಸ್ಸಿನ ಹಾಗೆಯೇ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಉಡುಪಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸು ಅರ್ಧ ಖಾಲಿ ಇದ್ದರೂ ಡೀಸೆಲ್ ಕುಡಿಯುತ್ತದೆ. ನೀವೊಬ್ಬರು ಇಳಿದುಹೋದರೆ ಉಳಿಯುವುದು ಅಷ್ಟಕ್ಕಷ್ಟೆ. ಎಲ್ಲರೂ ಒಂದೇ ಹೊತ್ತಿಗೆ ನುಗ್ಗಿದರೆ ಇನ್ನೊಂದು ಬಸ್ಸು ಬಿಡಬೇಕು, ಅದು ನಿಜ. ಬಳಕೆ ಏರಿದರೆ ಖರ್ಚು ಏರುವುದು ಹೀಗೆ, ಮೆಟ್ಟಿಲು ಮೆಟ್ಟಿಲಾಗಿ. ಜಿಬಿ ಜಿಬಿಗೆ ಅಲ್ಲ. ಸಂಜೆ ವಿಡಿಯೋ ನಿಲ್ಲಿಸಿ ಟಿವಿ ಆಫ್ ಮಾಡಿದರೆ ಮನೆಯಲ್ಲಿ ಉಳಿಯುವುದು ಮುಖ್ಯವಾಗಿ ಟಿವಿಯ ಕರೆಂಟು. ಅದನ್ನು ಇಂಟರ್ನೆಟ್ಟಿನ ಲೆಕ್ಕಕ್ಕೆ ಬರೆಯಬೇಡಿ.

ಫೈಬರ್ ಲೈನಿನಲ್ಲಿ ದಾರಿ ಮಧ್ಯೆ ಕರೆಂಟೇ ಬೇಡ. ಕಂಬದ ಮೇಲಿನ ಡಬ್ಬಿಯಲ್ಲಿರುವ ಸ್ಪ್ಲಿಟರು ಬೆಳಕನ್ನು ಸುಮ್ನೆ 32 ಅಥವಾ 64 ಮನೆಗೆ ಹಂಚುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ತೆಂಗಿನ ಮಡಲು ಬೀಳದಿದ್ದರೆ ಸಾಕು.

ಟವರಿನ ಕಥೆ ಬೇರೆ. ಅಲ್ಲಿ ಬಳಕೆ ಹೆಚ್ಚಿದಂತೆ ಸಿಗ್ನಲ್ಲಿಗೆ ಬಲ ಕೊಡುವ ಆಂಪ್ಲಿಫೈಯರ್ ಜಾಸ್ತಿ ಕರೆಂಟು ಎಳೆಯುತ್ತದೆ. ಆದರೆ ಯಾರೂ ಬಳಸದ ನಡುರಾತ್ರಿಯಲ್ಲೂ ಖರ್ಚು ನಿಲ್ಲುವುದಿಲ್ಲ. 4ಜಿ ಟವರು 'ನಾನಿದ್ದೇನೆ' ಎಂದು ಪ್ರತಿ ಮಿಲಿಸೆಕೆಂಡಿಗೂ ಸಿಗ್ನಲ್ ಬಿಡುತ್ತಿರಬೇಕು. 5ಜಿಗೆ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಸಾಕು, ನಡುವೆ ಸಣ್ಣ ನಿದ್ದೆ ತೆಗೆಯಬಹುದು. ಉಳಿತಾಯ ಹುಡುಕುವವರು ಈ ನಿದ್ದೆಯನ್ನು ಉದ್ದ ಮಾಡಲು ನೋಡುತ್ತಿದ್ದಾರೆ.