ಟೂರಿನ ದುಡ್ಡು ಕಂತಿನಲ್ಲಿ ಕಟ್ಟುತ್ತೀರಿ, ವಿಮೆ ಯಾವಾಗ?

ನಮ್ಮ ತುಂಗಭದ್ರಾ ಕಾಲುವೆ ಸೀಮೆಯಲ್ಲಿ ಭತ್ತದ ದುಡ್ಡು ಕೈಗೆ ಬರುವುದು ಡಿಸೆಂಬರ್, ಜನವರಿ ಹೊತ್ತಿಗೆ. ಫಾರಿನ್ ಟೂರಿಗೆ ಅಡ್ವಾನ್ಸ್ ಕೊಡುವುದೂ ಆಗಲೇ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯವರು ಮೇ ತಿಂಗಳ ಪ್ರವಾಸಕ್ಕೆ ನಾಲ್ಕೈದು ತಿಂಗಳ ಮುಂಚೆಯೇ ಸೀಟು ಹಿಡಿಯುತ್ತಾರೆ. ವಿಮೆ ಮಾತು ತೆಗೆದರೆ ಮಾತ್ರ ಒಂದೇ ಉತ್ತರ: "ಈಗ್ಯಾಕ್ರೀ ಸರ, ವಿಮಾನ ಹತ್ತೋ ಹಿಂದಿನ ದಿನ ಮಾಡ್ಸಿದ್ರ ಆತಲ್ಲ?"

ಆ ಹೊತ್ತಿಗೆ ವಿಮೆಯ ಅರ್ಧ ಉಪಯೋಗ ಕೈಬಿಟ್ಟು ಹೋಗಿರುತ್ತದೆ. ಪ್ರವಾಸ ವಿಮೆ ಅಂದರೆ ಪರದೇಶದಲ್ಲಿ ಆಸ್ಪತ್ರೆ ಖರ್ಚು, ಕಳೆದುಹೋದ ಬ್ಯಾಗು ಅಂತಷ್ಟೇ ಜನ ತಿಳಿದಿದ್ದಾರೆ. ಅದು ಹೊರಟ ದಿನದಿಂದ ಶುರುವಾಗುವ ಭಾಗ. ಇನ್ನೊಂದು ಭಾಗ ಇದೆ. ನಿಮಗೋ ಮನೆಯ ಹತ್ತಿರದವರಿಗೋ ಗಂಭೀರ ಕಾಯಿಲೆ, ಅಪಘಾತ, ಸಾವಿನಂಥದ್ದು ಬಂದು ಪ್ರವಾಸವೇ ರದ್ದಾದರೆ, ಟೂರ್ ಕಂಪನಿ ವಾಪಸ್ ಕೊಡದ ದುಡ್ಡನ್ನು ಮಿತಿಯೊಳಗೆ ತುಂಬಿಕೊಡುವ ಭಾಗ. ಇದು ಸಾಮಾನ್ಯವಾಗಿ ಪಾಲಿಸಿ ಕೈಗೆ ಬಂದ ದಿನದಿಂದಲೇ ನಡೆಯುತ್ತದೆ, ಹೊರಡುವ ದಿನಕ್ಕೆ ಮುಗಿಯುತ್ತದೆ. ಹಿಂದಿನ ದಿನ ಪಾಲಿಸಿ ಮಾಡಿಸಿದರೆ ಈ ಭಾಗಕ್ಕೆ ಸಿಗುವುದು ಒಂದೇ ದಿನ. ಪ್ರೀಮಿಯಂ ಮಾತ್ರ ಪೂರ್ತಿ ಕಟ್ಟಿರುತ್ತೀರಿ.

ಹಾಗಾದರೆ ಯಾವಾಗ ಮಾಡಿಸಬೇಕು? ದುಡ್ಡು ಸಿಕ್ಕಿಹಾಕಿಕೊಳ್ಳುವ ದಿನ.

ಒಂದು ಲೆಕ್ಕ ಹಿಡಿಯೋಣ. ಯುರೋಪ್ ಟೂರು, ತಲೆಗೆ 3 ಲಕ್ಷ. ಡಿಸೆಂಬರ್‌ನಲ್ಲಿ 50,000 ಅಡ್ವಾನ್ಸ್, ಫೆಬ್ರುವರಿಯಲ್ಲಿ 1 ಲಕ್ಷ, ಏಪ್ರಿಲ್‌ನಲ್ಲಿ ಉಳಿದ ಒಂದೂವರೆ ಲಕ್ಷ. ಅಡ್ವಾನ್ಸ್ ಕೊಡುವಾಗಲೇ ಕೇಳಿ, "ಬರೋಕಾಗದಿದ್ದರೆ ಈ 50,000 ವಾಪಸ್ ಬರುತ್ತದಾ, ಮುಂದಿನ ಟೂರಿಗೆ ಹಾಕಿಕೊಳ್ಳುತ್ತೀರಾ?" ಹೌದು ಅಂತ ಬರವಣಿಗೆಯಲ್ಲಿ ಕೊಟ್ಟರೆ ವಿಮೆಗೆ ಅವಸರವಿಲ್ಲ. ಇಲ್ಲ ಅಂದರೆ ಅವತ್ತೇ ಪಾಲಿಸಿ ಬೇಕು. ಮೊದಲು ಕಟ್ಟಿದ ಹಣಕ್ಕೆ ಸಾಕಾಗುವಷ್ಟು ರದ್ದತಿ ಮಿತಿ ಇರುವ ಪ್ಲಾನ್ ತೆಗೆದುಕೊಂಡು, ಕಂತು ಕಟ್ಟಿದಂತೆ ಮಿತಿ ಏರಿಸಿಕೊಳ್ಳಬಹುದು. ನಡುವೆ ಟೂರೇ ಬೇಡ ಅನಿಸಿದರೆ ಕಳೆದುಕೊಳ್ಳುವ ಪ್ರೀಮಿಯಂ ಕಡಿಮೆ. ಹಂತ ಹಂತವಾಗಿ ವಿಮೆ ಮಾಡುವುದು ಅಂದರೆ ಇಷ್ಟೇ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಮಿತಿ ಏರಿಸುವುದನ್ನು ಕೆಲವು ಕಂಪನಿಗಳು ಅದೇ ಪಾಲಿಸಿಗೆ ಎಂಡಾರ್ಸ್‌ಮೆಂಟ್ (ತಿದ್ದುಪಡಿ ಚೀಟಿ) ಹಾಕಿ ಮಾಡಿಕೊಡುತ್ತವೆ. ಕೆಲವು ಹಳೆಯದನ್ನು ರದ್ದು ಮಾಡಿ ಹೊಸದು ಬರೆಯುತ್ತವೆ. ಹೊಸ ಪಾಲಿಸಿ ಅಂದರೆ ಹೊಸ ತಾರೀಕು. ಡಿಸೆಂಬರ್‌ನಲ್ಲಿ ಪಾಲಿಸಿ ಮಾಡಿಸಿ, ಜನವರಿಯಲ್ಲಿ ಎದೆನೋವು ಅಂತ ಆಸ್ಪತ್ರೆ ಸೇರಿ ಬಂದಿದ್ದೀರಿ ಅನ್ನಿ. ಫೆಬ್ರುವರಿಯ ಹೊಸ ಪಾಲಿಸಿಗೆ ಆ ಎದೆನೋವು ಹಳೆಯ ಕಾಯಿಲೆ ಆಗಿಬಿಡುತ್ತದೆ, ಅದಕ್ಕೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಆದ್ದರಿಂದ "ಮಿತಿ ಏರಿಸಿದರೆ ಮೊದಲ ತಾರೀಕೇ ಉಳಿಯುತ್ತದಾ?" ಅಂತ ಮೊದಲೇ ಕೇಳಿ. ಉಳಿಯುವುದಿಲ್ಲ ಅಂದರೆ ಹಂತದ ಯೋಚನೆ ಬಿಟ್ಟು, ಶುರುವಿಗೇ ಪೂರ್ತಿ 3 ಲಕ್ಷಕ್ಕೆ ಮಾಡಿಸಿ. ಸ್ವಲ್ಪ ಜಾಸ್ತಿ ಪ್ರೀಮಿಯಂ ಹೋದರೂ ನಾನು ಇದನ್ನೇ ಹೇಳುತ್ತೇನೆ, ಅದರಲ್ಲೂ ಅರವತ್ತು ದಾಟಿದವರಿಗೆ. ಎಷ್ಟು ತಿಂಗಳ ಮುಂಚೆ ಪಾಲಿಸಿ ಕೊಡುತ್ತಾರೆ ಅನ್ನುವುದೂ ಕಂಪನಿಯಿಂದ ಕಂಪನಿಗೆ ಬೇರೆ.

ತಡ ಮಾಡಬಾರದು ಅನ್ನಲು ಇನ್ನೊಂದು ಕಾರಣ. ಗೊತ್ತಾಗಿರುವ ಅಪಾಯಕ್ಕೆ ವಿಮೆ ಸಿಗುವುದಿಲ್ಲ. ನಮ್ಮ ರೈತರಿಗೆ ಇದು ಬಿಡಿಸಿ ಹೇಳಬೇಕಿಲ್ಲ, ಬೆಳೆ ಒಣಗಿದ ಮೇಲೆ ಬೆಳೆ ವಿಮೆ ಕಟ್ಟಿಸಿಕೊಳ್ಳುತ್ತಾರಾ? 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡ್‌ನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ವಿಮಾನಗಳು ದಿನಗಟ್ಟಲೆ ನಿಂತವು. ಬೂದಿ ಸುದ್ದಿಯಾದ ಮೇಲೆ ಪಾಲಿಸಿ ಕೊಂಡವರಿಗೆ ಅದೇ ಕಾರಣಕ್ಕೆ ಕ್ಲೇಮ್ ಸಿಗುವ ದಾರಿ ಇರಲಿಲ್ಲ. 2020ರಲ್ಲಿ ಕೊರೊನಾ ಬಂದಾಗಲೂ ಹೀಗೇ. ಮುಷ್ಕರವೇ ಇರಲಿ, ಇನ್ನೊಂದೇ ಇರಲಿ, ಪೇಪರಿನಲ್ಲಿ ಬಂದ ಮೇಲೆ ಓಡಿಬಂದರೆ ಪ್ರಯೋಜನ ಇಲ್ಲ.

ಮನಸ್ಸು ಬದಲಾಯಿತು, ಮನೆಯಲ್ಲಿ ಮದುವೆ ಗೊತ್ತಾಯಿತು, ರಜೆ ಸಿಗಲಿಲ್ಲ. ಇವಕ್ಕೆ ಮಾಮೂಲಿ ಪಾಲಿಸಿಯಲ್ಲಿ ಏನೂ ಬರುವುದಿಲ್ಲ. ವೀಸಾ ಸಿಗದಿದ್ದರೆ ಬಹುತೇಕ ಕಂಪನಿಗಳು ಚಾರ್ಜ್ ಹಿಡಿದು ಪ್ರೀಮಿಯಂ ವಾಪಸ್ ಕೊಡುತ್ತವೆ, ಟೂರಿನ ದುಡ್ಡು ಕೊಡುವುದು ಕೆಲವು ಪ್ಲಾನ್‌ಗಳು ಮಾತ್ರ. ಯುರೋಪಿನ ಬಹಳಷ್ಟು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಪ್ರವಾಸಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು. ಹೇಗೂ ಪಾಲಿಸಿ ಬೇಕೇ ಬೇಕು ಅಂದಮೇಲೆ ಬೇಗ ಮಾಡಿಸಿದರೆ ಏನು ನಷ್ಟ, ಅಲ್ವಾ? ತಾರೀಕು ಆಚೀಚೆ ಆದರೆ ಹೊರಡುವ ಮುಂಚೆ ತಿದ್ದಿಸಬಹುದು.

ರೈಲು ಟಿಕೆಟ್ ಮಾಡುವಾಗ ಐಆರ್‌ಸಿಟಿಸಿ ಕೊಡುವ 45 ಪೈಸೆಯ ವಿಮೆ ಬೇರೆಯೇ ಬಾಬತ್ತು. ಅದು ರೈಲು ಅಪಘಾತದಂಥ ಅನಾಹುತಕ್ಕೆ ಮಾತ್ರ, 10 ಲಕ್ಷದವರೆಗೆ. ಟಿಕೆಟ್ ಜೊತೆಗೇ ಆರಿಸಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ನಾಮಿನಿ ಹೆಸರು ತುಂಬಲು ಮೊಬೈಲಿಗೆ ಬರುವ ಲಿಂಕನ್ನು ಸುಮ್ನೆ ಅಳಿಸಬೇಡಿ. ಬೆಂಗಳೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ತಡವಾಗಿ ವಿಮಾನ ತಪ್ಪಿದರೆ ಇದೂ ಕೊಡುವುದಿಲ್ಲ, ಪ್ರವಾಸ ವಿಮೆಯೂ ಸಾಮಾನ್ಯವಾಗಿ ಕೊಡುವುದಿಲ್ಲ. ಒಂದು ದಿನ ಮುಂಚೆ ಹೋಗಿ.

ಅಮೆರಿಕದಲ್ಲಿರುವ ಮಕ್ಕಳ ಹತ್ತಿರ ಹೋಗುವ ಅಪ್ಪ ಅಮ್ಮನ ವಿಷಯದಲ್ಲಿ ನನ್ನ ಸಲಹೆ ಪೂರ್ತಿ ತಿರುಗುಮುರುಗು. ಐದಾರು ತಿಂಗಳು ಇರುವವರು "ಮೂರು ತಿಂಗಳಿಗೆ ಮಾಡ್ರಿ, ಆಮ್ಯಾಲ ನೋಡಿ ಮುಂದುವರ್ಸೋಣ" ಅನ್ನುತ್ತಾರೆ. ಇಲ್ಲಿ ಹಂತ ಬೇಡವೇ ಬೇಡ. ಮುಂದುವರಿಸುವಾಗ ಆರೋಗ್ಯ ಚೆನ್ನಾಗಿದೆ, ಕ್ಲೇಮ್ ಇಲ್ಲ ಅಂತ ಕಂಪನಿ ಬರೆಸಿಕೊಳ್ಳಬಹುದು. ಎರಡನೇ ತಿಂಗಳಲ್ಲಿ ಶುರುವಾದ ಕಾಯಿಲೆಯನ್ನು ಮುಂದಿನ ಅವಧಿಗೆ ಹಳೆಯದು ಅಂತ ಹೊರಗಿಡಬಹುದು. ಅಲ್ಲಿನ ಆಸ್ಪತ್ರೆ ಬಿಲ್ಲು ಕಟ್ಟುವುದು ನಮ್ಮಂಥವರ ಕೈಲಾಗುವ ಮಾತಲ್ಲ. ಇರುವಷ್ಟೂ ದಿನಕ್ಕೆ ಒಂದೇ ಸಲ ಮಾಡಿಸಿ. ಬಿಪಿ, ಶುಗರ್ ಇದ್ದರೆ ಅರ್ಜಿಯಲ್ಲಿ ಬರೆಯಿರಿ. ಮುಚ್ಚಿಟ್ಟರೆ ಪ್ರೀಮಿಯಂ ಕಡಿಮೆ ಆಗಬಹುದು, ಕ್ಲೇಮ್ ಬಂದಾಗ ಇಡೀ ಪಾಲಿಸಿಯೇ ನಿಲ್ಲದೆ ಹೋಗಬಹುದು.

ಇನ್ನು ರದ್ದು ಮಾಡಲೇಬೇಕಾಗಿ ಬಂದರೆ ತಡ ಮಾಡಬೇಡಿ. ಹೊರಡುವ ದಿನ ಹತ್ತಿರವಾದಷ್ಟೂ ಟೂರ್ ಕಂಪನಿ ಹಿಡಿದುಕೊಳ್ಳುವ ಹಣ ಏರುತ್ತದೆ, ನೀವು ಕಾದು ಕುಳಿತು ಏರಿಸಿದ ಭಾಗವನ್ನು ವಿಮೆಯವರು ಕೊಡಲು ತಕರಾರು ತೆಗೆಯಬಹುದು. "ಪ್ರಯಾಣ ಮಾಡುವಂತಿಲ್ಲ" ಅಂತ ತಾರೀಕು ಹಾಕಿದ ಡಾಕ್ಟರ್ ಚೀಟಿ, ಕಟ್ಟಿದ ಪ್ರತಿ ಕಂತಿನ ರಸೀದಿ, ಎಷ್ಟು ಹಿಡಿದುಕೊಂಡರು ಅನ್ನುವ ಟೂರ್ ಕಂಪನಿಯ ಪತ್ರ, ಈ ಮೂರೂ ಬೇಕು. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ವಿಮೆ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಲೋಕಪಾಲರಿಗೆ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.